ದಸರಾ ದಿನ ಊರು ಬಿಡುವ ಭಾವ

ಇಡೀ ಪ್ರಪಂಚ ದಸರಾ ನೋಡಲು ಮೈಸೂರಿಗೆ ಬರುವ ಹೊತ್ತಿಗೆ ಮೈಸೂರು ಬಿಟ್ಟು ಓಡಿಹೋಗುವ ಮೈಸೂರಿನವರೊಬ್ಬರನ್ನು ನೋಡುವ ಆಸೆ ನಿಮಗಿದ್ದರೆ, ಬನ್ನಿಮಂಟಪದಲ್ಲಿರುವ ನಮ್ಮ ಭಾವನ ಮನೆಗೆ ಬರಬೇಕು. ಬಂದರೂ ಅವರು ಸಿಗುವುದಿಲ್ಲ, ಓಡಿಹೋಗಿರುತ್ತಾರಲ್ಲ! ಸಿಗುವವರು ನಮ್ಮ ಅಕ್ಕ, ಅವಳು ಕೂರಿಸಿದ ಬೊಂಬೆಗಳು, ಮತ್ತು ನಡುಮನೆಯಿಂದ ಹಿತ್ತಿಲ ಬಾಗಿಲವರೆಗೆ ಚಾಪೆ ಹಾಸಿಕೊಂಡು ಮಲಗಿರುವ ನೆಂಟರು.

ಆ ನೆಂಟರ ವಿಷಯ ಮೊದಲು ಹೇಳಿಬಿಡುತ್ತೇನೆ. ವಿಜಯದಶಮಿಯ ದಿನ ಜಂಬೂಸವಾರಿ ಮುಗಿದ ಮೇಲೆ, ಸಂಜೆ ನಮ್ಮ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಕುದುರೆ, ಬ್ಯಾಂಡು, ಮೋಟಾರ್ ಸೈಕಲ್ ಸಾಹಸ, ಸಾಲುಸಾಲು ಪಂಜು, ತೋಪಿನ ಸದ್ದು, ಕೊನೆಗೆ ಆಕಾಶದ ತುಂಬ ಪಟಾಕಿ. ಒಳಗೆ ಹೋಗಲು ಪಾಸು ಬೇಕು. ಪಾಸು ಸಿಗದವರಿಗೆ ನಮ್ಮ ಭಾವನ ಮನೆಯ ತಾರಸಿ ಇದೆ. ಅಲ್ಲಿಂದ ಮೈದಾನದ ಬೆಳಕು, ಹೊಗೆ, ಮತ್ತು ಎದುರುಮನೆಯ ತೆಂಗಿನಮರದ ಎಡಬಲದಲ್ಲಿ ಅಷ್ಟಿಷ್ಟು ಪಟಾಕಿ ಕಾಣುತ್ತವೆ. ಆ ಅಷ್ಟಿಷ್ಟಕ್ಕಾಗಿ, ವರ್ಷವೆಲ್ಲ ಫೋನು ಮಾಡದವರು ಕೂಡ ನವರಾತ್ರಿ ಹತ್ತಿರ ಬಂದಂತೆ ಭಾವನ ಆರೋಗ್ಯ ವಿಚಾರಿಸತೊಡಗುತ್ತಾರೆ.

"ಆರೋಗ್ಯವಾಗೇ ಇದೀನಿ, ಊರಲ್ಲಿ ಇರಲ್ಲ ಅಷ್ಟೆ. ನೀವು ಬನ್ನಿ, ಮನೆ ನಿಮ್ದೇ" ಎನ್ನುತ್ತಾರೆ ಭಾವ. ಹಾಗೆಂದು ಬೀಗದ ಕೈ ಅಕ್ಕನ ಕೈಗೆ ಕೊಟ್ಟು, ನಾಯಿಯನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿ ಸಮುದ್ರದ ಕಡೆ ಹೊರಟುಬಿಡುತ್ತಾರೆ. ಹೌದು, ನಾಯಿಯನ್ನು ಕರೆದುಕೊಂಡು. ಸಮುದ್ರಕ್ಕೆ. ವಿಜಯದಶಮಿಗೆ. ಇದರಲ್ಲಿ ವಿಚಿತ್ರವೇನು ಎಂದು ನಿಮಗೆ ಅನ್ನಿಸಿದರೆ ನೀವೂ ಅವರ ಕಡೆಯವರೇ.

ಭಾವ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬದುಕಿನ ಅರ್ಧವನ್ನು ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮನೆಗೆ ಬಂದವರು. ಅಂಥವರಿಗೆ ಶಿಸ್ತು ರಕ್ತದಲ್ಲೇ ಇಳಿದಿರುತ್ತದೆ ಎಂದು ನಾನು ನಂಬಿದ್ದೆ. ನಿವೃತ್ತಿಯ ಮಾರನೆಯ ದಿನವೇ ಅವರು ತಮ್ಮ ಕೈಗಡಿಯಾರವನ್ನು ಬಿಚ್ಚಿ ಹಾಲಿನವನಿಗೆ ಕೊಟ್ಟುಬಿಟ್ಟರು. ಗೋಡೆಗಡಿಯಾರದ ಬ್ಯಾಟರಿ ತೆಗೆದು ಟಾರ್ಚಿಗೆ ಹಾಕಿದರು. ಅಂದಿನಿಂದ ಅವರಿಗೆ ಹೊತ್ತು ತಿಳಿಯುವುದು ಮೂಗಿನಿಂದ. ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿದರೆ ಬೆಳಿಗ್ಗೆ, ಹುಳಿ ಕುದಿದರೆ ಮಧ್ಯಾಹ್ನ. ಒಮ್ಮೆ ಪಕ್ಕದ ಮನೆಯವರು ಯಾತ್ರೆಗೆ ಹೋದಾಗ ಭಾವ ಮೂರು ದಿನ ಬೆಳಗಿನ ತಿಂಡಿಯನ್ನು ಸಂಜೆಗೆ ತಿಂದರು.

ನಾನಾದರೋ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಐದಕ್ಕೆ ಏಳುತ್ತೇನೆ, ಐದೂಕಾಲಿಗೆ ನಡಿಗೆ, ಆರಕ್ಕೆ ಕಾಫಿ. ಮದುವೆ ಎಂಬ ಗೊಂದಲಕ್ಕೆ ನನ್ನ ದಿನಚರಿಯಲ್ಲಿ ಕೊನೆಗೂ ಜಾಗ ಸಿಗಲಿಲ್ಲ. ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಒಬ್ಬನೇ ಇದ್ದೇನೆ. ರಾತ್ರಿಯ ಊಟ ಅವಳಲ್ಲಿ. ಸರಿಯಾಗಿ ಎಂಟಕ್ಕೆ ನಾನು ಗೇಟು ತೆಗೆದರೆ ಭಾವ, "ನಿನ್ ತಮ್ಮ ಬಂದ ನೋಡೇ, ಗಡಿಯಾರಕ್ಕೆ ಕೈಕಾಲು ಬಂದಂಗದೆ" ಎನ್ನುತ್ತಾರೆ. ನನ್ನ ಮುಂದೆಯೇ ಎನ್ನುತ್ತಾರೆ.

ಇನ್ನು ನಾಯಿ. ಬಿಳಿಯ ಬೀದಿನಾಯಿ, ಎದೆಯ ಮೇಲೆ ಅಡ್ಡಲಾಗಿ ಕಂದು ಬಣ್ಣದ ಒಂದು ಪಟ್ಟೆ. ಹಿಂದೆ ಕಚೇರಿಗಳಲ್ಲಿ ದೊಡ್ಡ ಸಾಹೇಬರ ಬಾಗಿಲ ಮುಂದೆ ಎದೆಗೆ ಅಡ್ಡಪಟ್ಟಿ ಧರಿಸಿ, ರುಮಾಲು ಸುತ್ತಿ ಒಬ್ಬ ದಫೇದಾರ ನಿಂತಿರುತ್ತಿದ್ದನಲ್ಲ, ಥೇಟ್ ಅದೇ ಪಟ್ಟಿ. ಹಾಗಾಗಿ ನಾಯಿಯ ಹೆಸರು ದಫೇದಾರ. ಹುದ್ದೆಗೆ ತಕ್ಕ ಮರ್ಯಾದೆಯೂ ಉಂಟು. "ಬನ್ನಿ ದಫೇದಾರ್ರೇ, ಊಟಕ್ಕೆ ಏಳಿ" ಎಂದು ನಾಯಿಯನ್ನು ಕರೆದ ಬಾಯಲ್ಲೇ ಭಾವ ನನ್ನ ಕಡೆ ತಿರುಗಿ "ನೀನೂ ಬಾರಯ್ಯ" ಎನ್ನುತ್ತಾರೆ. ಮೊದಲ ಸಲ ನಾನು ಆಕ್ಷೇಪಿಸಿದೆ. "ಅವ್ರು ಡ್ಯೂಟಿ ಮೇಲಿದಾರೆ, ನೀನು ರಿಟೈರ್ಡು" ಎಂದರು.

ಡ್ಯೂಟಿ ಎಂದರೆ ಏನು? ದಫೇದಾರ ಯಾರಿಗೂ ಬೊಗಳಿದ್ದನ್ನು ನಾನು ಕಾಣೆ. ಗ್ಯಾಸ್ ಸಿಲಿಂಡರ್ ಇಳಿಸಿದರೆ ಅದು ಮಂಚದ ಕೆಳಗೆ. ಪ್ರೆಷರ್ ಕುಕ್ಕರ್ ಕೂಗಿದರೆ ಬಚ್ಚಲಲ್ಲಿ. ಇಂಥ ಧೀರನ ಮನೆ ಇರುವುದು ಎಲ್ಲಿ? ಪಂಜಿನ ಕವಾಯತಿನ ಮೈದಾನದ ಪಕ್ಕ!

ಮೂರು ವರ್ಷದ ಹಿಂದಿನ ವಿಜಯದಶಮಿಯ ಸಂಜೆ ಆಗಬಾರದ್ದು ಆಯಿತು. ಮೊದಲ ಪಟಾಕಿ ಮೇಲೇರಿದ್ದೇ ತಡ, ದಫೇದಾರ ನೆಂಟರ ಕಾಲುಗಳ ನಡುವೆ ನುಗ್ಗಿ ಗೇಟು ದಾಟಿ ಮಾಯವಾಯಿತು. ಭಾವ ಬರಿಗಾಲಲ್ಲಿ ಊರೆಲ್ಲ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ಊರಾಚೆಯ ಹಿನಕಲ್ಲಿನಲ್ಲಿ, ಹಸು ಕಟ್ಟಿಕೊಂಡಿರುವ ಒಬ್ಬರ ಕೊಟ್ಟಿಗೆಯ ಮೂಲೆಯಲ್ಲಿ. ಆ ಮನೆಯವರು ಹಾಲು ಅನ್ನ ಹಾಕಿ, ರಾಜ ಎಂದು ಹೆಸರನ್ನೂ ಇಟ್ಟುಬಿಟ್ಟಿದ್ದರು. ದಫೇದಾರನಿಗೆ ಅಂಥ ಬಡ್ತಿ ಯಾವ ಕಚೇರಿಯಲ್ಲೂ ಸಿಕ್ಕಿರಲಾರದು. ಆದರೆ ನಗುವ ಸ್ಥಿತಿ ಇರಲಿಲ್ಲ. ಪಶುವೈದ್ಯರು ಎದೆಗೆ ಕೊಳವೆ ಇಟ್ಟು ನೋಡಿ, "ಇನ್ನೊಂದು ಸಲ ಇಷ್ಟು ಹೆದರಿದರೆ ಈ ಎದೆ ತಡೆಯೋದಿಲ್ಲ" ಎಂದುಬಿಟ್ಟರು. ಆ ದಿನ ಭಾವ ಊಟ ಮಾಡಲಿಲ್ಲ. ಮೂಗಿಗೆ ಯಾವ ವಾಸನೆ ಬಂದರೂ ಅವರಿಗೆ ಹೊತ್ತು ತಿಳಿಯಲಿಲ್ಲ.

ಇಂಥ ಸಮಸ್ಯೆಗಳಿಗೆ ನನ್ನಲ್ಲಿ ಒಂದೇ ಉತ್ತರ: ಅಭ್ಯಾಸ. ದಸರಾ ಆನೆಗಳಿಗೆ ತಿಂಗಳ ಮೊದಲೇ ತೋಪಿನ ಸದ್ದು ಅಭ್ಯಾಸ ಮಾಡಿಸುವುದಿಲ್ಲವೇ? ಆನೆ ಕಲಿತದ್ದನ್ನು ನಾಯಿ ಕಲಿಯದೇ? ಮರುವರ್ಷ ದಸರಾಕ್ಕೆ ಮೊದಲು ನಾನೇ ತರಬೇತಿ ಕೈಗೆತ್ತಿಕೊಂಡೆ. ದಿನವೂ ಬೆಳಿಗ್ಗೆ ಆರೂವರೆಗೆ ಸ್ಟೀಲ್ ತಟ್ಟೆ ಮತ್ತು ಸೌಟು. ಮೊದಲ ದಿನ ಮೆಲ್ಲಗೆ, ದಿನದಿನಕ್ಕೆ ಜೋರಾಗಿ. ವಾರದ ಕೊನೆಗೆ ಫಲಿತಾಂಶ ಬಂತು. ದಫೇದಾರ ತೋಪಿಗೆ ಹೆದರುವುದು ಹಾಗೆಯೇ ಉಳಿಯಿತು. ಜೊತೆಗೆ ತಟ್ಟೆಗೂ ಹೆದರತೊಡಗಿತು. ಅಂದಿನಿಂದ ಇಂದಿನವರೆಗೂ ಅಕ್ಕ ಅದಕ್ಕೆ ಬಾಳೆ ಎಲೆಯಲ್ಲೇ ಊಟ ಬಡಿಸುತ್ತಿದ್ದಾಳೆ. ನನಗೆ ತಟ್ಟೆ.

"ನಿನ್ ಡ್ರಿಲ್ಲು ಸಾಕು ಬುಡಯ್ಯ. ಸದ್ದೇ ಇಲ್ದಿರೋ ಜಾಗಕ್ಕೆ ಕರ್ಕೊಂಡೋಗ್ತೀನಿ" ಎಂದರು ಭಾವ. ಹೀಗೆ ಶುರುವಾಯಿತು ಸಮುದ್ರದ ಯಾತ್ರೆ. ಕರಾವಳಿಯಲ್ಲಿ ಯಾರೂ ಬಾರದ ಒಂದು ದಡವನ್ನು ಅವರು ಹೇಗೋ ಪತ್ತೆ ಹಚ್ಚಿದ್ದಾರೆ. ಊರಿನ ಹೆಸರು ಇಲ್ಲಿ ಬರೆಯಕೂಡದೆಂದು ನನಗೆ ಕಟ್ಟಪ್ಪಣೆಯಾಗಿದೆ. "ಬರದ್ರೆ ಮುಂದಿನ್ ವರ್ಷ ಅಲ್ಲೂ ಚುರುಮುರಿ ಗಾಡಿ ಬತ್ತದೆ" ಎನ್ನುತ್ತಾರೆ.

ಹೋದೆರಡು ವರ್ಷ ಭಾವ ಮತ್ತು ದಫೇದಾರ ಇಬ್ಬರೇ ಹೋಗಿಬಂದರು. ನನ್ನನ್ನು ಅವರು ಕರೆಯಲಿಲ್ಲ, ನಾನೂ ಕೇಳಲಿಲ್ಲ. ನಾನೆಲ್ಲಿ ಹೋಗಲಿ? ವಿಜಯದಶಮಿಯ ಸಂಜೆ ನಾನು ಮೈದಾನದಲ್ಲಿರಬೇಕಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಂಜಿನ ಕವಾಯತಿನಲ್ಲಿ ಶಾಲಾ ಮಕ್ಕಳ ಸಾಮೂಹಿಕ ಕವಾಯತು ಒಂದಿರುತ್ತದೆ. ಮೈದಾನದ ದೀಪ ಆರಿಸಿ, ಕತ್ತಲಲ್ಲಿ ಮಕ್ಕಳು ಸಾಲುಸಾಲಾಗಿ ಬಂದು ನಿಲ್ಲುತ್ತಾರೆ. ಆ ಮಕ್ಕಳಲ್ಲಿ ನಮ್ಮ ಶಾಲೆಯವರನ್ನು ತಯಾರು ಮಾಡುವುದು ನನ್ನ ಕೆಲಸವಾಗಿತ್ತು. ನನ್ನ ಒಂದು ವಿಷಲ್ಲಿಗೆ ಅಷ್ಟೂ ಮಕ್ಕಳ ಬಲಗಾಲು ಒಟ್ಟಿಗೆ ಏಳುತ್ತಿತ್ತು. ನಿವೃತ್ತನಾದ ಮೇಲೂ ಪ್ರತಿವರ್ಷ, "ಸಾರ್, ನೀವು ಬಂದು ನಿಂತರೆ ಸಾಕು" ಎಂದು ಶಾಲೆಯಿಂದ ಫೋನು ಬರುತ್ತಿತ್ತು. ನಾನು ಬಿಳಿ ಪ್ಯಾಂಟು ಇಸ್ತ್ರಿ ಮಾಡಿ, ಕ್ಯಾನ್ವಾಸ್ ಶೂಗಳಿಗೆ ಬಿಳಿ ಬಳಿದು, ಹೋಗಿ ನಿಲ್ಲುತ್ತಿದ್ದೆ.

ಈ ವರ್ಷ ಫೋನು ಬರಲಿಲ್ಲ. ಹೊಸ ಮೇಷ್ಟ್ರು ಬಂದಿದ್ದಾರಂತೆ, ಚುರುಕಿನ ಹುಡುಗನಂತೆ, ವಿಷಲ್ ಇಲ್ಲದೆ ಸ್ಪೀಕರಿನಲ್ಲಿ ತಾಳ ಹಾಕಿಯೇ ಕಲಿಸುತ್ತಾನಂತೆ. ಒಳ್ಳೆಯದು. ಕಾಲ ಬದಲಾಗಬೇಕು. ನನಗೇನೂ ಅನ್ನಿಸಲಿಲ್ಲ. ಶೂಗಳಿಗೆ ಬಿಳಿ ಬಳಿದು ಕಿಟಕಿಯ ಹೊರಗೆ ಒಣಗಲು ಇಟ್ಟಿದ್ದೆ. ಅವು ಅಲ್ಲೇ ಒಂದು ವಾರ ಇದ್ದವು. ಆಮೇಲೆ ಒಳಗೆ ತೆಗೆದಿಟ್ಟೆ. ಅಷ್ಟೇ. ಸಂಜೆಗಳಲ್ಲಿ ಮೈದಾನದಿಂದ ತಾಲೀಮಿನ ಸ್ಪೀಕರ್ ಸದ್ದು ನನ್ನ ಮನೆಗೆ ಸ್ಪಷ್ಟವಾಗಿ ಕೇಳುತ್ತದೆ. ಎಡಗಾಲು ಬರಬೇಕಾದ ಕಡೆ ತಾಳ ಅರೆಮಾತ್ರೆ ತಡವಾಗುತ್ತಿತ್ತು. ಅದನ್ನು ಯಾರಿಗೆ ಹೇಳುವುದು? ಕಿಟಕಿ ಹಾಕಿಕೊಂಡು ಕೂರುತ್ತಿದ್ದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಭಾವ, "ಈ ಸಲ ನೀನು ಬರ್ಬೇಕಲ್ಲಯ್ಯ" ಎಂದರು.

"ಎಲ್ಲಿಗೆ?"

"ಸಮುದ್ರಕ್ಕೆ. ಘಟ್ಟದಲ್ಲಿ ಗಾಡಿ ಓಡ್ಸಕ್ಕೆ ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ದಫೇದಾರ್ರ ಎದೆ ಬೇರೆ ವೀಕು. ಕವಾಯತಿನ ಸದ್ದಿಗೆ ಹೆಚ್ಚುಕಮ್ಮಿ ಆಗೋದ್ರೆ ಯಾರು ಜವಾಬ್ದಾರಿ?"

"ಮನೆಯಲ್ಲೇ ಕಿಟಕಿ ಹಾಕಿ ಕೂರಿಸಿ ಭಾವ. ನಾನು ದಿನಾ ಹಾಗೇ ಕೂರೋದು."

ಭಾವ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು. ಅಕ್ಕ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಬಡಿಸಿ, "ಹೋಗ್ಬಾ ಕಣೋ. ನಾಯಿ ಜೀವದ ಪ್ರಶ್ನೆ" ಎಂದಳು. ದಫೇದಾರ ಎಲೆಯ ಮುಂದೆ ನಿದ್ದೆ ಮಾಡುತ್ತಿತ್ತು. ಅದರ ಜೀವಕ್ಕೆ ಅಪಾಯವಿರುವಂತೆ ಕಾಣಲಿಲ್ಲ. ಆದರೂ ಎದೆಯ ವಿಷಯ, ಹೇಗೆ ಇಲ್ಲವೆನ್ನುವುದು? ಒಪ್ಪಿಕೊಂಡೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ತೋಪಿನ ತಾಲೀಮಿನ ಸದ್ದು ಕೇಳಿತು. ನಾನು ಗಾಬರಿಯಿಂದ ಭಾವನ ಮನೆಗೆ ಓಡಿದೆ. ದಫೇದಾರ ಜಗುಲಿಯ ಮೇಲೆ ನಾಲ್ಕು ಕಾಲೂ ಚಾಚಿ ಗೊರಕೆ ಹೊಡೆಯುತ್ತಿತ್ತು. "ಇದೇನು ಭಾವ?" ಎಂದೆ. "ಮಾತ್ರೆ ಕೊಟ್ಟಿದೀನಿ" ಎಂದರು. ಅದನ್ನು ಎಬ್ಬಿಸಲು ನೆಲವನ್ನು ಕಾಲಿನಿಂದ ಎರಡು ಸಲ ಗುದ್ದಿದರು. ಅದೂ ಅವರ ಇನ್ನೊಂದು ಹುಚ್ಚು ಇರಬೇಕೆಂದುಕೊಂಡೆ. ಅವರ ಒಂದೊಂದು ಹುಚ್ಚಿಗೂ ಕಾರಣ ಕೇಳುತ್ತಾ ಹೋದರೆ ನನ್ನ ದಿನಚರಿ ಏನಾಗಬೇಕು?

ಹೊರಟಿದ್ದು ಆಯುಧಪೂಜೆಯ ದಿನ. ಬೆಳಿಗ್ಗೆ ಆರಕ್ಕೆ ಎಂದು ನಾನು ತೀರ್ಮಾನಿಸಿದ್ದೆ. ಆರಕ್ಕೆ ಹೋದರೆ ಅಕ್ಕ ಇನ್ನೂ ಕಾರಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಕಾರಿನ ಮುಂದೆ ಮಣೆ ಹಾಕಿ ಭಾವನ ಸ್ಪಾನರು, ಸ್ಕ್ರೂಡ್ರೈವರು, ಅಡುಗೆಮನೆಯ ಈಳಿಗೆಮಣೆ, ತೆಂಗಿನಕಾಯಿ ತುರಿಯುವ ಮಣೆ, ಎಲ್ಲ ಸಾಲಾಗಿ ಇಟ್ಟಿದ್ದಳು. ಸಾಲಿನ ಕೊನೆಯಲ್ಲಿ ದಫೇದಾರ ಕೂತಿತ್ತು, ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ.

"ಇದು ಯಾವ ಆಯುಧ ಭಾವ?"

"ರಕ್ಷಣಾ ಇಲಾಖೆ ಕಣಯ್ಯ."

ಅಕ್ಕ ನನ್ನ ಕಡೆ ಕೈ ಚಾಚಿದಳು. "ಎಲ್ಲೋ ನಿನ್ ವಿಷಲ್ಲು?"

ಪ್ರತಿ ಆಯುಧಪೂಜೆಗೂ ನನ್ನ ವಿಷಲ್ ಆ ಮಣೆಯ ಮೇಲೆ ಕೂರುವುದು ವಾಡಿಕೆ. ಈ ಸಲ ಅದನ್ನು ಮೇಜಿನ ಡ್ರಾಯರಿನಲ್ಲೇ ಬಿಟ್ಟು ಬಂದಿದ್ದೆ. "ಅದಕ್ಕೇನು ಪೂಜೆ ಈ ವರ್ಷ, ಬಿಡೆ" ಎಂದೆ. ಭಾವ ನನ್ನ ಮನೆಯ ಬೀಗದ ಕೈ ಇಸಿದುಕೊಂಡು, ಎರಡು ಬೀದಿ ನಡೆದು ಹೋಗಿ ವಿಷಲ್ ತಂದರು. ಅದಕ್ಕೆ ಒಂದು ಚುಕ್ಕೆ ಕುಂಕುಮ, ಒಂದು ಎಸಳು ಹೂವು. ಆರತಿಯಾದ ಮೇಲೆ ನನ್ನ ಜೇಬಿಗೆ ಹಾಕಿದರು. ಇದರಿಂದಾಗಿ ನಾವು ಹೊರಟಾಗ ಗಂಟೆ ಒಂಬತ್ತು.

ಕಾರಿನಲ್ಲಿ ಭಾವ ಮುಂದೆ ಕೂರಲಿಲ್ಲ. "ದಫೇದಾರ್ರಿಗೆ ಒಬ್ರೇ ಕೂತ್ರೆ ಬೇಜಾರು" ಎಂದು ಹಿಂದೆ ಕೂತರು. ಮುಂದೆ ನಾನೊಬ್ಬನೇ. ಹುಣಸೂರು ದಾಟಿ, ಮಡಿಕೇರಿ ದಾಟಿ, ಸಂಪಾಜೆಯ ಘಟ್ಟ ಇಳಿಯುವವರೆಗೆ ನನಗೆ ಹಿಂದಿನಿಂದ ಅಪ್ಪಣೆಗಳು: "ಇಲ್ಲಿ ನಿಲ್ಸು, ಅವ್ರಿಗೆ ಗಾಳಿ ಬೇಕಂತೆ." "ಇಲ್ಲಿ ನಿಲ್ಸು, ಆ ಮರ ನೋಡ್ಬೇಕಂತೆ." ನಾಯಿ ಮರವನ್ನು ಏಕೆ ನೋಡುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಘಟ್ಟದ ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ನಾನು ಹಾರನ್ನನ್ನು ಒತ್ತಿದ ಒತ್ತಿಗೆ ನನ್ನ ಕಿವಿಯೇ ತುಂಬಿಹೋಯಿತು. ಕನ್ನಡಿಯಲ್ಲಿ ನೋಡಿದೆ. ದಫೇದಾರ ಆಕಳಿಸಿತು.

"ಧೈರ್ಯ ಬಂದಿದೆಯಲ್ಲ ಭಾವ!"

"ಘಟ್ಟದ ಗಾಳಿ" ಎಂದರು ಭಾವ, ಹೊರಗೆ ನೋಡುತ್ತಾ.

ದಾರಿಯ ಹೋಟೆಲಿನಲ್ಲಿ ಟೀ ಕುಡಿದೆವು. ನನ್ನ ಟೀಗೆ ದುಡ್ಡು ಕೊಡಲು ಹೋದರೆ ಹೋಟೆಲಿನವನು ಬೇಡವೆಂದು ಕೈ ಅಲ್ಲಾಡಿಸಿ, "ಡ್ರೈವರಿಗೆ ಫ್ರೀ" ಎಂದ. ಭಾವ ಹಿಂದಿನ ಸೀಟಿನಿಂದಲೇ "ಅವನಿಗೊಂದು ಬನ್ನೂ ಕೊಡಪ್ಪ" ಎಂದರು.

ಸಮುದ್ರ ತಲುಪಿದಾಗ ಸಂಜೆಯ ಬಿಸಿಲು ಇಳಿಯುತ್ತಿತ್ತು. ಡಾಂಬರು ಮುಗಿದು ಮಣ್ಣಿನ ದಾರಿ, ಅದೂ ಮುಗಿದು ಗಾಳಿಮರಗಳ ತೋಪು, ತೋಪಿನ ಅಂಚಿನಲ್ಲಿ ಒಂದೇ ಒಂದು ಹೆಂಚಿನ ಮನೆ. ಆ ಮನೆಯ ಅಮ್ಮ ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಾರೆ. ಬರುವವರು ಭಾವ ಮತ್ತು ದಫೇದಾರ ಮಾತ್ರ. ಆಕೆ ಅಂಗಳಕ್ಕೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಎಂತ ಮಾರಾಯ್ರೆ, ಈ ಸರ್ತಿ ಡ್ರೈವರನ್ನೂ ಕರ್ಕೊಂಡು ಬಂದದ್ದಾ?"

"ಹೂಂ ಅಮ್ಮ. ಹೊಸಬ. ಕೆಲ್ಸ ಕಲೀತಾ ಇದಾನೆ."

ನಾನು ಚೀಲ ಇಳಿಸಿದೆ. ಇಳಿಸುವಾಗ ಆ ಸದ್ದು ನನ್ನ ಗಮನಕ್ಕೆ ಬಂತು. ಮರಗಳ ಆಚೆಯಿಂದ, ಬಿಡುವಿಲ್ಲದೆ, ದೊಡ್ಡ ಜನಸಮೂಹವೊಂದು ಒಟ್ಟಿಗೆ ಎದ್ದು ಒಟ್ಟಿಗೆ ಕೂರುತ್ತಿರುವಂಥ ಸದ್ದು. ನಮ್ಮ ಮೈಸೂರಿನವರಿಗೆ ನೀರು ಎಂದರೆ ಕೆರೆ, ಕೆರೆ ಮಾತಾಡುವುದಿಲ್ಲ. ಸದ್ದಿಲ್ಲದ ಜಾಗ ಹುಡುಕಿಕೊಂಡು ಮೂರು ವರ್ಷದಿಂದ ಈ ಮನುಷ್ಯ ಬರುತ್ತಿರುವುದು ಇಲ್ಲಿಗೆಯೇ? ನನಗೆ ನಗು ತಡೆಯಲಿಲ್ಲ.

"ಭಾವ, ಸದ್ದೇ ಇಲ್ಲ ಅಂದ್ರಲ್ಲ?"

"ಎಲ್ಲದೆ ಸದ್ದು?"

"ಇದು?"

ಭಾವ ಕಿವಿಗೊಟ್ಟು ಕೇಳಿದರು, ಈಗಷ್ಟೇ ಕೇಳಿಸಿತೇನೋ ಎಂಬಂತೆ. "ಓ, ಇದಾ. ಇದು ಯಾರನ್ನೂ ಕರಿಯೋ ಸದ್ದಲ್ಲ ಕಣಯ್ಯ. ಅದ್ರ ಪಾಡಿಗೆ ಅದು. ನಮ್ ಪಾಡಿಗೆ ನಾವು."

ಆ ರಾತ್ರಿ ನಾನು ಒಂಬತ್ತೂವರೆಗೆ ಮಲಗಿದೆ. ಮರುದಿನ ಐದಕ್ಕೆ ಏಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ಸ್ವಲ್ಪ ತಡೆಯುತ್ತದೆ. ಕಣ್ಣು ಬಿಟ್ಟಾಗ ಹೆಂಚಿನ ಗಾಜಿನಿಂದ ಒಂದು ಬಿಸಿಲುಕೋಲು ಇಳಿದು ನನ್ನ ಹೊಟ್ಟೆಯ ಮೇಲೆ ನಿಂತಿತ್ತು. ಹೊರಗೆ ಬಂದರೆ ಭಾವ ಮರಳಿನ ಮೇಲೆ ಕಾಲು ಚಾಚಿ ಕೂತಿದ್ದರು. "ನಡಿಗೆ?" ಎಂದೆ ನಾನು ನನಗೇ. ನಡೆದೆ ಕೂಡ. ಆದರೆ ಆ ದಡದಲ್ಲಿ ನಡೆಯುವುದು ಹೇಗೆ? ಮೈಲಿಕಲ್ಲಿಲ್ಲ, ತಿರುವಿಲ್ಲ, ಪಾರ್ಕಿನ ಗೇಟಿಲ್ಲ. ಎಲ್ಲಿಗೆ ಬಂದರೆ ವಾಪಸು ತಿರುಗಬೇಕೆಂದು ಹೇಳುವವರಿಲ್ಲ. ಹಿಂದೆ ನೋಡಿದರೆ ನನ್ನ ಹೆಜ್ಜೆಗಳನ್ನು ಅಲೆ ಆಗಲೇ ಒರೆಸಿಬಿಟ್ಟಿತ್ತು. ನಾನು ಹೊರಟೇ ಇಲ್ಲವೇನೋ ಅನ್ನಿಸಿ ಅಲ್ಲೇ ಕೂತೆ.

ಮಧ್ಯಾಹ್ನವೆಲ್ಲ ದಫೇದಾರ ಮರಳು ತೋಡಿತು. ಮುಂಗಾಲಿನಿಂದ ಗುಂಡಿ ತೋಡಿ, ಮೈ ಹಿಡಿಸುವಷ್ಟು ಆದ ಮೇಲೆ ಅದರಲ್ಲಿ ಕೂತು, ಎದುರಿಗಿರುವ ಸಮುದ್ರವನ್ನು ಗಂಭೀರವಾಗಿ ನೋಡುವುದು. ನೀರು ಬಂದು ಗುಂಡಿ ತುಂಬಿದರೆ ಎದ್ದು, ನಾಲ್ಕು ಹೆಜ್ಜೆ ಹಿಂದೆ ಬಂದು ಇನ್ನೊಂದು.

"ಸೈಟು ಮಾಡ್ತಾವ್ರೆ ನೋಡು" ಎಂದರು ಭಾವ. "ಮೈಸೂರಿನೋರು ಎಲ್ಲಿಗೋದ್ರೂ ಬುಡಲ್ಲ."

"ಸಮುದ್ರಕ್ಕೆ ಮುಖ ಮಾಡಿರೋ ಸೈಟು ಭಾವ, ದುಬಾರಿ."

"ಕಾರ್ನರ್ ಸೈಟು ಬೇರೆ."

ಇಬ್ಬರೂ ನಕ್ಕೆವು. ನಗುವಿನ ನಡುವೆ ಭಾವ ದೂರಕ್ಕೆ ಬೆರಳು ತೋರಿಸಿ, "ಅಲ್ನೋಡು, ಆ ದೋಣೀಲಿ ಮೂರು ಜನ. ಮಧ್ಯದೋನು ಬೀಡಿ ಹಚ್ಚಿದ" ಎಂದರು. ನನಗೆ ದೋಣಿ ಒಂದು ಎಳ್ಳುಕಾಳಿನಷ್ಟು ಕಂಡಿತು. ಘಟ್ಟದಲ್ಲಿ ಕಣ್ಣು ಕಾಣದವರು! ಸಮುದ್ರದ ಗಾಳಿಗೆ ದೃಷ್ಟಿಯೂ ಸುಧಾರಿಸುತ್ತದೇನೋ ಎಂದುಕೊಂಡೆ. ಕೈಗಡಿಯಾರದೊಳಗೆ ಮರಳು ಹೋಗುತ್ತದೆಂದು ಅದನ್ನು ಬಿಚ್ಚಿ ಕೋಣೆಯಲ್ಲಿಟ್ಟು ಬಂದೆ. ಮನೆಯ ಅಮ್ಮ ಗಂಜಿ, ಚಟ್ನಿ ತಂದುಕೊಟ್ಟರು. ಉಂಡು ಗಾಳಿಮರದ ಕೆಳಗೆ ಒರಗಿದೆ. ಅಷ್ಟೇ ನೆನಪು. ನಿದ್ದೆ ಬಂತೋ, ನಿದ್ದೆಯಲ್ಲಿ ಸಮುದ್ರ ಕೇಳಿತೋ, ಸಮುದ್ರದಲ್ಲೇ ನಿದ್ದೆ ಇತ್ತೋ ಹೇಳಲಾರೆ. ಎಚ್ಚರವಾದಾಗ ನೀರೆಲ್ಲ ಹಿತ್ತಾಳೆಯ ಬಣ್ಣವಾಗಿ, ಸೂರ್ಯ ಅದರಲ್ಲಿ ಅರ್ಧ ಇಳಿದಿದ್ದ.

ಅವನು ಪೂರ್ತಿ ಇಳಿದ ಮೇಲೂ ನಾವು ಏಳಲಿಲ್ಲ. ದಶಮಿಯ ಚಂದ್ರ ಅದಾಗಲೇ ತಲೆಯ ಮೇಲೆ ಬಂದಿದ್ದ. ಬೆಳಕು ಒಂದರಿಂದ ಇನ್ನೊಂದಕ್ಕೆ ಯಾವಾಗ ಕೈ ಬದಲಾಯಿಸಿತೋ ತಿಳಿಯಲಿಲ್ಲ. ಮರಳು ಬೆಳ್ಳಗಾಯಿತು. ಅಲೆಗಳು ಕತ್ತಲಿನಿಂದ ಸಾಲುಸಾಲಾಗಿ ಬರುತ್ತಿದ್ದವು. ಒಂದೊಂದರ ತಲೆಯ ಮೇಲೂ ಬಿಳಿಯ ಅಂಚು, ಉದ್ದಕ್ಕೂ ಒಂದೇ ನೇರ. ಬಂದು ಒಟ್ಟಿಗೆ ಬಾಗಿ, ಹಿಂದೆ ಸರಿದು, ಬರುವವರಿಗೆ ಜಾಗ ಬಿಡುತ್ತಿದ್ದವು. ನಾನು ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತೆ. ತಾಳ ಎಲ್ಲಿಯೂ ತಪ್ಪಲಿಲ್ಲ.

ಆಗ ನೋಡುತ್ತೇನೆ, ದಫೇದಾರ ನೀರಿನ ಅಂಚಿನಲ್ಲಿದೆ. ಏಡಿಯೊಂದರ ಹಿಂದೆ ಮೂಗು ಹಾಕಿಕೊಂಡು ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತಿದೆ. ಅದರ ಹಿಂದೆ ಒಂದು ದೊಡ್ಡ ಅಲೆ ಎದ್ದಿದೆ. "ದಫೇದಾರಾ!" ಎಂದು ಕೂಗಿದೆ. ತಿರುಗಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಕುಂಕುಮದ ವಿಷಲ್ ಬಾಯಿಗಿಟ್ಟು, ಮೈದಾನದ ಕೊನೆಯ ಸಾಲಿಗೆ ಕೇಳಿಸುವಂತೆ ಊದುತ್ತಿದ್ದೆನಲ್ಲ, ಹಾಗೆ ಊದಿದೆ. ತೋಪಿನ ಮರಗಳಿಂದ ಹಕ್ಕಿಗಳು ಎದ್ದು ಹಾರಿದವು. ಮನೆಯ ಅಮ್ಮ ಲಾಂದ್ರ ಹಿಡಿದು ಹೊರಗೆ ಬಂದರು. ಪಕ್ಕದಲ್ಲಿದ್ದ ಭಾವ ಎರಡೂ ಕಿವಿ ಮುಚ್ಚಿಕೊಂಡರು.

ದಫೇದಾರನ ಬಾಲ ಕೂಡ ಅಲ್ಲಾಡಲಿಲ್ಲ.

ಅಲೆ ಬಂದು ಅದರ ಹಿಂಗಾಲು ನೆನೆಸಿತು. ಆಗ ತಿರುಗಿ ನೋಡಿ, ಯಾವ ಅವಸರವೂ ಇಲ್ಲದೆ ನಮ್ಮ ಬಳಿ ಬಂದು, ನಮ್ಮಿಬ್ಬರ ನಡುವೆ ಮೈ ಕೊಡವಿ ಕೂತಿತು. ಕುಕ್ಕರಿಗೆ ಬಚ್ಚಲು ಸೇರುತ್ತಿದ್ದ ನಾಯಿ!

ನಾನು ವಿಷಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. "ಭಾವ, ಇದಕ್ಕೆ ಕಿವಿ ಕೇಳಿಸಲ್ಲ."

"ಹೂಂ."

"ಯಾವಾಗಿಂದ?"

"ಯುಗಾದಿ ಹೊತ್ಗೆಲ್ಲ ನಿಂತೋಗಿತ್ತು. ವಯಸ್ಸಾಯ್ತಲ್ಲ."

ನೆಲ ಗುದ್ದಿ ಎಬ್ಬಿಸಿದ್ದು, ಮಾತ್ರೆ ಎಂದದ್ದು, ಘಟ್ಟದ ಗಾಳಿ ಎಂದದ್ದು, ಎಲ್ಲ ಒಂದೊಂದಾಗಿ ಸಾಲಿಗೆ ಬಂದು ನಿಂತವು. ನಾನು ಹೇಗೆ ಗಮನಿಸಲಿಲ್ಲ? ಆ ನಾಯಿ ನನ್ನ ಮಾತನ್ನು ಮೊದಲೂ ಕೇಳುತ್ತಿರಲಿಲ್ಲ, ಆಮೇಲೂ ಕೇಳಲಿಲ್ಲ. ವ್ಯತ್ಯಾಸ ತಿಳಿಯುವುದಾದರೂ ಹೇಗೆ?

"ಮತ್ತೆ ಅದಕ್ಕೆ ಯಾವ ತೋಪು, ಯಾವ ಪಟಾಕಿ? ಮನೆಯಲ್ಲೇ ಹಾಯಾಗಿ ಮಲಗಿರ್ತಿತ್ತು. ಇಷ್ಟು ದೂರ ಯಾರ ಸಲುವಾಗಿ ಬಂದದ್ದು?"

ಭಾವ ದಫೇದಾರನ ಒದ್ದೆ ಬೆನ್ನಿನಿಂದ ಮರಳು ಒರೆಸುತ್ತಿದ್ದರು. ನನ್ನ ಮುಖ ನೋಡಲಿಲ್ಲ. ಮರಳು ಒರೆಸುತ್ತಲೇ, ಗಡಿಯಾರವನ್ನು ಹಾಲಿನವನಿಗೆ ಕೊಟ್ಟ ಆ ಮನುಷ್ಯ ಒಂದು ಪ್ರಶ್ನೆ ಕೇಳಿದರು.

"ಗಂಟೆ ಎಷ್ಟಯ್ಯ?"

ನಾನು ಮಣಿಕಟ್ಟು ನೋಡಿಕೊಂಡೆ. ಗಡಿಯಾರ ಕೋಣೆಯಲ್ಲಿತ್ತು. ಅಲ್ಲಿ ಬಿಸಿಲು ಕಾಣದ ಚರ್ಮದ ಒಂದು ಬಿಳಿ ಪಟ್ಟಿ ಮಾತ್ರ ಇತ್ತು. ಚಂದ್ರನನ್ನು ನೋಡಿದೆ. ಅವನು ನೆತ್ತಿ ದಾಟಿ ಪಶ್ಚಿಮಕ್ಕೆ ವಾಲಿದ್ದ. ಊರಿನಲ್ಲಿ ಪಂಜುಗಳು ಹೊತ್ತಿ, ಮಕ್ಕಳು ಬಂದು ನಿಂತು, ಹೋಗಿ, ಎಲ್ಲ ಮುಗಿದಿರಬೇಕು. ನಾನು ಅದನ್ನು ಒಮ್ಮೆಯೂ ನೆನೆದಿರಲಿಲ್ಲ.

"ಗೊತ್ತಿಲ್ಲ ಭಾವ" ಎಂದೆ.

"ಗೊತ್ತಿಲ್ವಾ?" ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು. "ಹಂಗಾದ್ರೆ ಬಂದ ಕೆಲ್ಸ ಆಯ್ತು ಬುಡು."

ನಂತರ ಬಗ್ಗಿ ನೆಲವನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ದಫೇದಾರ ಎದ್ದಿತು. ನಾನೂ ಎದ್ದೆ.

"ಬನ್ನಿ" ಎಂದರು ಭಾವ, "ಊಟಕ್ಕೆ ಹೋಗೋಣ."

ಆ ಮಾತನ್ನು ಅವರು ಯಾರಿಗೆ ಹೇಳಿದರೆಂದು ನಾನು ಕೇಳಲು ಹೋಗಲಿಲ್ಲ. ಮೂವರೂ ನಡೆದೆವು. ಹಿಂದೆ ಅಲೆಗಳು ಸಾಲುಸಾಲಾಗಿ ಬರುತ್ತಲೇ ಇದ್ದವು.